ಊಟ ಯಾರಿಚ್ಛೆ?

ಬೆಂಗಳೂರಿನ ಹಳೆಯ ಹೋಟೆಲುಗಳ ಬೋರ್ಡುಗಳನ್ನು ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಸೋದರರು ತೆರೆದದ್ದು ‘ಬ್ರಾಹ್ಮಣ ಕಾಫಿ ಕ್ಲಬ್’. ಅದೇ ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಮಲ್ಲೇಶ್ವರದ್ದು ‘ಸೆಂಟ್ರಲ್ ಟಿಫಿನ್ ರೂಮ್’, ಬಸವನಗುಡಿಯದು ‘ಮಹಾಲಕ್ಷ್ಮಿ ಟಿಫಿನ್ ರೂಮ್’, ಶಂಕರಪುರದ್ದು ‘ಬ್ರಾಹ್ಮಿನ್ಸ್ ಕಾಫಿ ಬಾರ್’. ಬೋರ್ಡಿನ ಮೇಲೆ ಕಾಫಿಯಿದೆ, ತಿಂಡಿಯಿದೆ, ಊಟ ಮಾತ್ರ ಇಲ್ಲ. ‘ಲಂಚ್ ಹೋಮ್’, ‘ಊಟದ ಹೋಟೆಲ್’, ‘ಮೆಸ್’, ‘ಖಾನಾವಳಿ’ ಎಂಬ ಬೋರ್ಡುಗಳನ್ನು ಹುಡುಕುವವರು ಉಪ್ಪಾರಪೇಟೆ, ಬಳೇಪೇಟೆ, ಗಾಂಧಿನಗರಗಳ ಕಡೆಗೇ ಬರಬೇಕು. ಒಂದೇ ಊರಿನಲ್ಲಿ ತಿಂಡಿಗೊಂದು ನಕ್ಷೆ, ಊಟಕ್ಕೊಂದು ನಕ್ಷೆ. ಬೆಂಗಳೂರಿಗರು ತಿಂಡಿಯನ್ನು ನಾಲಗೆಯ ಆಸೆಗೆ ಹೊರಗೆ ತಿಂದರು, ಊಟವನ್ನು ಬೇರೆ ದಾರಿಯಿಲ್ಲದೆ ಹೊರಗೆ ಉಂಡರು. ಕೆಲಸದ ದಿನ ಮಧ್ಯಾಹ್ನ ಇವತ್ತೊಂದು ಹೋಟೆಲು, ನಾಳೆಯೊಂದು ಎಂದು ರುಚಿ ನೋಡುತ್ತ ಹೋಗುವ ಈಗಿನ ಆಫೀಸಿನವರ ರೂಢಿ ಎಷ್ಟು ಹೊಸದೆಂಬುದು ಈ ವ್ಯತ್ಯಾಸವನ್ನು ಗಮನಿಸಿದಾಗಲೇ ತಿಳಿಯುವುದು.

ವ್ಯತ್ಯಾಸಕ್ಕೆ ಮೊದಲ ಕಾರಣ ಗಡಿಯಾರ. ಹಳೇ ಮೈಸೂರಿನ ನೌಕರಸ್ಥರ ಮನೆಗಳಲ್ಲಿ ಕಚೇರಿಗೆ ಹೋಗುವವರು ಒಂಬತ್ತೂವರೆ, ಹತ್ತಕ್ಕೆಲ್ಲ ಹುಳಿ, ಸಾರು, ಮಜ್ಜಿಗೆಯ ಪೂರ್ತಿ ಊಟ ಮುಗಿಸಿಯೇ ಹೊಸಿಲು ದಾಟುತ್ತಿದ್ದರು. ಮತ್ತೆ ಎಲೆ ಹಾಕುತ್ತಿದ್ದುದು ರಾತ್ರಿಗೆ. ನಡುವೆ ಹೊಟ್ಟೆ ಕೇಳುತ್ತಿದ್ದುದು ಮೂರು, ನಾಲ್ಕು ಗಂಟೆಯ ಕಾಫಿ ತಿಂಡಿಯನ್ನು. 1892ರಲ್ಲಿ ಹುಟ್ಟಿದ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳಾಗಲಿ ಒಲೆಯುರಿಯುವ ಮನೆಗಳ ಬಡಾವಣೆಗಳು. ಅಲ್ಲಿನ ಹೋಟೆಲು ಮನೆಯ ಊಟದ ಜೊತೆ ಪೈಪೋಟಿಗೆ ಇಳಿಯಲಿಲ್ಲ. ಎರಡು ಊಟಗಳ ನಡುವಿನ ಹೊತ್ತನ್ನು ಹಿಡಿದುಕೊಂಡಿತು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನಕ್ಕೆ ಹೆಸರು ತಂದದ್ದು ಅನ್ನ ಸಾರಲ್ಲ, ದೋಸೆ.

ಉಪ್ಪಾರಪೇಟೆಯ ಪಾಡೇ ಬೇರೆ. ಉಪ್ಪು ತೆಗೆಯುವ ಕಸುಬಿನವರ ಹೆಸರು ಹೊತ್ತ ಈ ಪೇಟೆಯ ಸುತ್ತ ಬೆಳೆದದ್ದೆಲ್ಲ ಮನೆಯಿಂದ ದೂರ ಬಂದವರ ಜಗತ್ತು. ಪಕ್ಕದ ರಸ್ತೆಗೆ ಸುಬೇದಾರರ ಛತ್ರದ ಹೆಸರು. ರೈಲು ನಿಲ್ದಾಣದೆದುರು 1903ರ ಗುಬ್ಬಿ ತೋಟದಪ್ಪನವರ ಛತ್ರ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ. ಕೆಂಪೇಗೌಡ ರಸ್ತೆಯುದ್ದಕ್ಕೂ ಸಿವಿಲ್ ಕೋರ್ಟು, ಜಿಲ್ಲಾಧಿಕಾರಿಗಳ ಕಚೇರಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು. ದಾವೆಗೆ ಬಂದ ರೈತ, ಸರಕು ಕೊಳ್ಳಲು ಬಂದ ಅಂಗಡಿಯವ, ಕೋಣೆ ಹಿಡಿದ ಒಂಟಿ ಗುಮಾಸ್ತ, ಇವರಿಗೆ ಕೈಗೆಟುಕುವ ಅಡುಗೆಮನೆ ಇರಲಿಲ್ಲ. ಊಟದ ಹೋಟೆಲಿನ ರೀತಿ ನೀತಿಯೇ ಇದಕ್ಕೆ ಸಾಕ್ಷಿ. ತಿಂಡಿ ಹೋಟೆಲಿನಲ್ಲಿ ಕೂತವರು ‘ಏನಿದೆ?’ ಎಂದರೆ ಮಾಣಿ ಒಂದೇ ಉಸಿರಿಗೆ ಹತ್ತು ಹೆಸರು ಹೇಳುತ್ತಾನೆ. ಊಟದ ಹೋಟೆಲಿನಲ್ಲಿ ಗಲ್ಲಾದಲ್ಲಿ ಟೋಕನ್ ಕೊಂಡು ಖಾಲಿ ಕಂಡಲ್ಲಿ ಕೂರಬೇಕು. ಪಲ್ಯ, ಕೋಸಂಬರಿ, ಹುಳಿ, ಸಾರು ತಾವಾಗಿ ಬಂದು ಬೀಳುತ್ತವೆ. ಬಡಿಸುವವನ ಒಂದೇ ಪ್ರಶ್ನೆ ‘ಅನ್ನ ಬೇಕಾ?’ ಪ್ಲೇಟ್ ಮೀಲ್ಸೋ ಫುಲ್ ಮೀಲ್ಸೋ ಎಂಬ ಆಯ್ಕೆಯೂ ಹೊಟ್ಟೆಯ ಅಳತೆಯದೇ ಹೊರತು ರುಚಿಯದಲ್ಲ. ಮಜ್ಜಿಗೆಯನ್ನಕ್ಕೆ ಬರುವ ಹೊತ್ತಿಗೆ ಕುರ್ಚಿಯ ಬೆನ್ನು ಹಿಡಿದು ಇನ್ನೊಬ್ಬರು ನಿಂತಿರುತ್ತಾರೆ.

ಇದು ಗಡಿಯಾರದ ಮಾತಲ್ಲ, ಮಡಿಯ ಮಾತು ಎಂದು ಆಕ್ಷೇಪಿಸಬಹುದು. ಆ ವಾದಕ್ಕೆ ಬಲವಿದೆ. ಬೆಂದ ಅನ್ನ ಮುಸುರೆ. ಅದನ್ನು ಯಾರು ಬೇಯಿಸಿದರು, ಯಾರ ಪಕ್ಕ ಕೂತು ಉಂಡದ್ದು ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಒಪ್ಪತ್ತಿನ ದಿನ ರಾತ್ರಿ ಉಪ್ಪಿಟ್ಟು, ಅವಲಕ್ಕಿ ತಿಂದವರು ‘ಊಟ ಮಾಡಲಿಲ್ಲ, ಫಲಾಹಾರವಷ್ಟೆ’ ಎನ್ನುತ್ತಿದ್ದ ಲೆಕ್ಕಾಚಾರದಲ್ಲೇ ಹೋಟೆಲಿನ ತಿಂಡಿಗೂ ವಿನಾಯಿತಿ ಸಿಕ್ಕಿತು. ಬೋರ್ಡಿನ ಮೇಲೆ ‘ಬ್ರಾಹ್ಮಣ’ ಪದ ಕೂತದ್ದೂ ಆ ಅಳುಕನ್ನು ಕಳೆಯಲಿಕ್ಕೇ. ಆದರೆ ಮಡಿಯೊಂದೇ ಕಾರಣವಾಗಿದ್ದರೆ ಅದು ಸಡಿಲಿದಂತೆ ಊಟದ ಹೋಟೆಲು ಎಲ್ಲೆಡೆ ಹರಡಬೇಕಿತ್ತು. 1950ರ ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲಲ್ಲಿ ಜಾತಿ ಕೇಳುವುದನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆ ಗೊತ್ತುಮಾಡಿತು. ಮುಸುರೆಯ ಮಾತು ಮನೆಗಳಲ್ಲೇ ತೆಳುವಾಯಿತು. ಆದರೂ ಬಸವನಗುಡಿಯ ಖ್ಯಾತಿ ಇವತ್ತಿಗೂ ತಿಂಡಿಯದೇ. ಇನ್ನು ಈ ಬಗೆಯ ಮಡಿಯ ಹಂಗಿಲ್ಲದ ಮಿಲಿಟರಿ ಹೋಟೆಲುಗಳು ಮೊದಲು ಬೇರೂರಿದ್ದೂ ಬಳೇಪೇಟೆ, ಕಾಟನ್‌ಪೇಟೆಗಳಂಥ ವ್ಯಾಪಾರದ ಬೀದಿಗಳಲ್ಲೇ. ಮುದ್ದೆ ಸಾರಿಗೆ ಗಿರಾಕಿ ಸಿಕ್ಕಿದ್ದು ದುಡಿಯುವವರು ನೆರೆಯುವ ಕಡೆ. ಏನು ತಿನ್ನಬಹುದೆಂದು ಮಡಿ ಹೇಳಿತು. ಎಲ್ಲಿ, ಯಾವಾಗ ಎಂಬುದನ್ನು ಕೆಲಸವೇ ಗೊತ್ತುಮಾಡಿತು.

ಮಾವಳ್ಳಿಯ ಊಟಕ್ಕೇ ಜನ ಕಾದು ನಿಲ್ಲುವುದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ನಿಲ್ಲುತ್ತಾರೆ. ಆದರೆ ಒಂದೊಂದಾಗಿ ಬಡಿಸುತ್ತ ಬರುವ ಆ ಊಟ ಮದುವೆಮನೆಯ ಪಂಕ್ತಿಗೆ ಹತ್ತಿರ; ಅರ್ಧ ಗಂಟೆಯಲ್ಲಿ ಮೇಜಿಗೆ ಮರಳಬೇಕಾದವರದಲ್ಲ. ಹಬ್ಬದ ಊಟವನ್ನು ರುಚಿಗಾಗಿ ಹುಡುಕಿಕೊಂಡು ಹೋಗುವುದು ಹಳೆಯದು. ಹೊಸದು ಮಂಗಳವಾರ, ಬುಧವಾರದ ಊಟಕ್ಕೂ ಆ ಆಸೆ ಹಬ್ಬಿದ್ದು.

ಅದು ಹಬ್ಬಿದ ಬಗೆಗೂ ತಿಂಡಿಯೇ ದಾರಿ ತೋರಿತು. ಆಫೀಸು ದೂರವಾಯಿತು, ಹೆಂಗಸರೂ ಕೆಲಸಕ್ಕೆ ಹೊರಟರು, ಹತ್ತು ಗಂಟೆಯ ಊಟದ ಜಾಗಕ್ಕೆ ಎಂಟು ಗಂಟೆಯ ತಿಂಡಿ ಬಂತು. ಹೀಗೆ ನಡುಹಗಲಿಗೆ ಜಾರಿದ ಊಟದ ಹಸಿವನ್ನು, 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ಹೋಟೆಲುಗಳು ಬಿಸಿಬೇಳೆಬಾತ್, ರೈಸ್‌ಬಾತ್‌ಗಳಿಂದ ತಣಿಸಿದವು. ಅನ್ನ ಎಲೆಯಿಂದ ಎದ್ದು ದೋಸೆ, ಇಡ್ಲಿಗಳ ಸಾಲಿಗೆ ಬಂದು ನಿಂತಿತು. ಅನ್ನವೇ ತಿಂಡಿಯಾದ ಮೇಲೆ ತಿಂಡಿಯ ಹಕ್ಕೂ ಅದಕ್ಕೆ ಬಂತು: ಇವತ್ತು ಜೋಳದ ರೊಟ್ಟಿ, ನಾಳೆ ಆಂಧ್ರ ಮೀಲ್ಸ್, ಮೆಚ್ಚದಿದ್ದರೆ ಮುಂದಿನ ಹೋಟೆಲು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯ ಮೊದಲರ್ಧ ಕೆಲಸದ ದಿನದ ಮಧ್ಯಾಹ್ನಕ್ಕೆ ಅನ್ವಯವಾದದ್ದು ಇಷ್ಟು ತಡವಾಗಿ. ಅದೂ ಎಲ್ಲರಿಗೂ ಅಲ್ಲ. 2017ರಲ್ಲಿ ಇಂದಿರಾ ಕ್ಯಾಂಟೀನು ಹತ್ತು ರೂಪಾಯಿಗೆ ಊಟ ಕೊಡಲು ಶುರುಮಾಡಿದಾಗ ಅದರ ಕಿಟಕಿಯ ಮುಂದೆ ನಿಂತವರು ‘ಏನಿದೆ?’ ಎಂದು ಕೇಳಬೇಕಿರಲಿಲ್ಲ. ಹಿಂದೆ ಉಪ್ಪಾರಪೇಟೆಯ ಗಲ್ಲಾದೆದುರು ನಿಂತವರ ಹಾಗೆ ಅವರಿಗೂ ಬೇಕಿದ್ದುದು ಒಂದು ಟೋಕನ್.