ಶ್ರೀಶೈಲ ಪಾದಯಾತ್ರೆ (ವಿಜಯಪುರ ಜಿಲ್ಲೆ)

ಶ್ರೀಶೈಲ ಪಾದಯಾತ್ರೆಯು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮುಂತಾದ ತಾಲ್ಲೂಕುಗಳ ಭಕ್ತರು ಯುಗಾದಿಗೆ ಮುನ್ನ ಆಂಧ್ರಪ್ರದೇಶದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಕೈಗೊಳ್ಳುವ ವಾರ್ಷಿಕ ಯಾತ್ರೆ. ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದಲೂ ಇದೇ ಕಾಲದಲ್ಲಿ ಸಾವಿರಾರು ಜನರು ಹೊರಡುತ್ತಾರೆ. ಹೊರಡುವ ಊರು ಮತ್ತು ಹಿಡಿಯುವ ದಾರಿಯನ್ನು ಅವಲಂಬಿಸಿ ವಿಜಯಪುರ ಜಿಲ್ಲೆಯವರು ನಡೆಯುವ ದೂರವು ಸುಮಾರು 350ರಿಂದ 450 ಕಿ.ಮೀ. ಇದರ ಬಹುಭಾಗವು ಬಯಲುಸೀಮೆ. ಕೊನೆಯ ಸುಮಾರು 40 ಕಿ.ಮೀ. ಮಾತ್ರ ನಲ್ಲಮಲ ಬೆಟ್ಟಸಾಲಿನ ಕಾಡುದಾರಿ. ಯಾತ್ರೆಯ ಕಠಿಣ ಭಾಗವೂ ಹೆಚ್ಚಿನ ಪೂರ್ವಸಿದ್ಧತೆಯನ್ನು ಬೇಡುವ ಭಾಗವೂ ಇದೇ ಆಗಿದೆ.

ಹಿನ್ನೆಲೆ

ಶ್ರೀಶೈಲದ ಮಲ್ಲಿಕಾರ್ಜುನ ಲಿಂಗವು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. ಭ್ರಮರಾಂಬೆಯ ಸನ್ನಿಧಿಯು ಶಕ್ತಿಪೀಠವೆಂದು ಮಾನ್ಯವಾಗಿದೆ. ಕನ್ನಡ ನಾಡಿನೊಂದಿಗೆ ಈ ಕ್ಷೇತ್ರದ ನಂಟು ಹಳೆಯದು. 12ನೆಯ ಶತಮಾನದ ಅಕ್ಕಮಹಾದೇವಿಯು ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದು ಕದಳಿಯಲ್ಲಿ ಐಕ್ಯಳಾದಳೆಂಬುದು ಶರಣ ಪರಂಪರೆಯ ನಂಬಿಕೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಶ್ರೀಶೈಲ ಯಾತ್ರೆಗೇ ಮೀಸಲಾದ 'ಪರ್ವತ ಪ್ರಕರಣ'ವಿದೆ. ಬೆಟ್ಟವೇರುವ ದಾರಿಗೆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿಯು 14ನೆಯ ಶತಮಾನದ ರೆಡ್ಡಿ ಅರಸು ಪ್ರೋಲಯ ವೇಮನಿಗೆ ಸಲ್ಲುತ್ತದೆ. ಮೋಟಾರು ರಸ್ತೆ ಆಗುವ ಮುನ್ನ ಎಲ್ಲರಿಗೂ ಇಂತಹ ಕಾಲುದಾರಿಗಳೇ ಗತಿಯಾಗಿದ್ದವು.

ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವುದು ಉತ್ತರ ಕರ್ನಾಟಕದ ಭಕ್ತರಲ್ಲಿ ರೂಢಿ. ಹಬ್ಬಕ್ಕೆ ಸೀರೆ, ಕುಬಸ, ಬಳೆ, ಕುಂಕುಮ ಒಯ್ಯುವುದು ಈ ಭಾವದಿಂದಲೇ. ಅನೇಕ ಊರುಗಳಿಂದ 'ಮಲ್ಲಯ್ಯನ ಕಂಬಿ'ಯನ್ನು ಹೆಗಲ ಮೇಲೆ ಹೊತ್ತು ಸಾಗುತ್ತಾರೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು.

ಕಾಲನಿರ್ಣಯ

ಹೋಳಿ ಹುಣ್ಣಿಮೆಯಿಂದ ಯುಗಾದಿ ಪಾಡ್ಯಕ್ಕೆ ಸುಮಾರು ಹದಿನೈದು ದಿನಗಳ ಅಂತರ. ಸಾಮಾನ್ಯವಾಗಿ ಹೋಳಿಯ ಆಸುಪಾಸಿನಲ್ಲಿ ಊರು ಬಿಟ್ಟು ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ಶ್ರೀಶೈಲ ಮುಟ್ಟುವುದು ವಾಡಿಕೆ. ಹೀಗಾಗಿ ದಿನವೊಂದಕ್ಕೆ 30ರಿಂದ 35 ಕಿ.ಮೀ. ನಡೆಯಬೇಕಾಗುತ್ತದೆ. ಉತ್ತರದ ಇಂಡಿ ತಾಲ್ಲೂಕಿನವರಿಗೆ ಮುದ್ದೇಬಿಹಾಳದವರಿಗಿಂತ ಎರಡು ಮೂರು ದಿನಗಳ ನಡಿಗೆ ಹೆಚ್ಚು. ಅವರು ಅಷ್ಟು ಮುಂಚಿತವಾಗಿ ಹೊರಡುವುದು ಲೇಸು.

ಅಧಿಕಮಾಸದ ಲೆಕ್ಕವನ್ನು ಅನೇಕರು ಮರೆಯುತ್ತಾರೆ. ಯುಗಾದಿಯು 2023ರಲ್ಲಿ ಮಾರ್ಚ್ 22ರಂದು ಬಂದಿದ್ದರೆ, ಅಧಿಕ ಶ್ರಾವಣ ನಡುವೆ ಬಂದುದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು. ರಾಯಚೂರು, ಕರ್ನೂಲು ಬಯಲಿನಲ್ಲಿ ಈ ಹದಿನೆಂಟು ದಿನಗಳ ವ್ಯತ್ಯಾಸವೆಂದರೆ ಬಿಸಿಲಿನ ದೊಡ್ಡ ವ್ಯತ್ಯಾಸ. ಏಪ್ರಿಲ್ ಯುಗಾದಿಯ ವರ್ಷಗಳಲ್ಲಿ ನಸುಕಿನ ಮೂರು ಗಂಟೆಗೆ ಎದ್ದು ಹತ್ತರೊಳಗೆ ನಡಿಗೆ ನಿಲ್ಲಿಸಿ, ಮತ್ತೆ ಸಂಜೆ ನಾಲ್ಕರ ಮೇಲೆ ಹೊರಡುವುದು ಕ್ಷೇಮಕರ.

ಬಯಲಿನ ದಾರಿ

ಎಲ್ಲ ತಂಡಗಳಿಗೂ ಒಂದೇ ದಾರಿಯಿಲ್ಲ. ಮುದ್ದೇಬಿಹಾಳದ ಕಡೆಯವರು ನಾರಾಯಣಪುರದ ಬಳಿ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನ ಮೂಲಕ ಸಾಗಬಹುದು. ಸಿಂದಗಿಯ ಕಡೆಯವರಿಗೆ ಶಹಾಪುರ, ರಾಯಚೂರಿನ ದಾರಿಯೂ ಇದೆ. ಯಾವ ದಾರಿ ಹಿಡಿದರೂ ಕೃಷ್ಣೆ, ತುಂಗಭದ್ರೆಗಳೆರಡನ್ನೂ ದಾಟಿ ಕರ್ನೂಲು ಸೀಮೆಯನ್ನು ಸೇರಿ, ಅಲ್ಲಿಂದ ಪೂರ್ವಕ್ಕೆ ಆತ್ಮಕೂರಿನತ್ತ ನಡೆಯಬೇಕು.

ಈ ಭಾಗದಲ್ಲಿ ಯಾತ್ರಿಕನು ಹಸಿದು ಮಲಗುವ ಪ್ರಸಂಗ ಕಡಿಮೆ. ದಾರಿಯುದ್ದಕ್ಕೂ ಗ್ರಾಮಸ್ಥರು ಅನ್ನದಾಸೋಹ, ಮಜ್ಜಿಗೆ, ಕಲ್ಲಂಗಡಿ, ಔಷಧಿಗಳನ್ನು ಒದಗಿಸುತ್ತಾರೆ. ಕಾಲು ಒತ್ತುವ ಸೇವೆಯನ್ನೂ ಮಾಡುತ್ತಾರೆ. ಹಾಸಿಗೆ, ಪಾತ್ರೆ, ರೇಷನ್ನುಗಳನ್ನು ತಂಡದ ಟ್ರ್ಯಾಕ್ಟರ್ ಅಥವಾ ಟಂಟಂ ಹೊತ್ತು ಬರುತ್ತದೆ. ಇಲ್ಲಿನ ಮುಖ್ಯ ಅಪಾಯ ವಾಹನಗಳದ್ದು. ಕತ್ತಲಲ್ಲಿ ಹೆದ್ದಾರಿಯಲ್ಲಿ ನಡೆಯುವವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಒಂದೇ ಸಾಲಾಗಿ ನಡೆಯಬೇಕು. ಸಾಲಿನ ಮೊದಲಿಗರೂ ಕೊನೆಯವರೂ ಬ್ಯಾಟರಿ ಹಿಡಿದಿರಬೇಕು.

ನಲ್ಲಮಲ ಅರಣ್ಯ

ಆತ್ಮಕೂರಿನ ಸಮೀಪದ ವೆಂಕಟಾಪುರದಲ್ಲಿ ಕಾಡುದಾರಿ ಆರಂಭವಾಗುತ್ತದೆ. ವೀರಭದ್ರನ ಗುಡಿಯಿರುವ ನಾಗಲೂಟಿ, ಪೆದ್ದಚೆರುವು (ಕನ್ನಡದ ಯಾತ್ರಿಕರ ಬಾಯಲ್ಲಿ ಪೆಚ್ಚೇರುವು), ಮಠಂಬಾವಿ, ಭೀಮನ ಕೊಳ್ಳಗಳನ್ನು ದಾಟಿ ಕೈಲಾಸ ದ್ವಾರವನ್ನು ಏರಿದರೆ ಶ್ರೀಶೈಲದ ರಸ್ತೆ ಸಿಗುತ್ತದೆ. ನಲ್ಲಮಲದ ಸರಾಸರಿ ಎತ್ತರ ಸುಮಾರು 520 ಮೀಟರ್. ಹಿಮಾಲಯದ ಚಾರಣ ಬಲ್ಲವರಿಗೆ ಇದು ಅಲ್ಪವೆನಿಸೀತು. ಆದರೆ ಹತ್ತು ಹನ್ನೆರಡು ದಿನ ಡಾಂಬರಿನ ಮೇಲೆ ನಡೆದು ಬೊಬ್ಬೆಯೆದ್ದ ಪಾದಗಳಿಂದ, ಬೆಟ್ಟವನ್ನೇ ಕಾಣದ ಎರೆನೆಲದ ಜನರು ಇದನ್ನು ಏರಬೇಕಾಗಿದೆ. ಭೀಮನ ಕೊಳ್ಳದಲ್ಲಿ ಕಡಿದಾದ ಕಣಿವೆಗೆ ಇಳಿದು, ಅಷ್ಟೇ ಕಡಿದಾದ ಕಲ್ಲುಮೆಟ್ಟಿಲುಗಳನ್ನು ಹತ್ತಬೇಕು. ಮೊಣಕಾಲು ನೋವು, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಎಚ್ಚರ ವಹಿಸಬೇಕಾದ ಸ್ಥಳವಿದು. ದಣಿದವರು ಹಠ ಹಿಡಿಯದೆ ಆತ್ಮಕೂರಿನಲ್ಲಿಯೇ ಬಸ್ಸು ಹತ್ತುವುದರಿಂದ ಯಾತ್ರೆಗೆ ಕುಂದೇನೂ ಬಾರದು.

ಸಾಮಾನು ಸಾಗಿಸುವ ವಾಹನವು ಈ ದಾರಿಯಲ್ಲಿ ಬರುವುದಿಲ್ಲ. ಅದು ದೋರ್ನಾಲದ ಮೂಲಕ ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ನಿತ್ಯದ ಗುಳಿಗೆ, ಹಣ, ಮೊಬೈಲ್ ಚಾರ್ಜರ್ ಎಲ್ಲವೂ ಟ್ರ್ಯಾಕ್ಟರಿನಲ್ಲಿ ಉಳಿದು, ಯಾತ್ರಿಕನು ಬರಿಗೈಲಿ ಕಾಡು ಹೊಕ್ಕಿರುತ್ತಾನೆ. ವೆಂಕಟಾಪುರಕ್ಕೆ ಮುನ್ನವೇ ಹೆಗಲ ಚೀಲವನ್ನು ಬೇರೆ ಕಟ್ಟಿಕೊಳ್ಳಬೇಕು. ಕಾಡಿನೊಳಗೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ, ತಪ್ಪಿಸಿಕೊಂಡವರು ಶ್ರೀಶೈಲದಲ್ಲಿ ಕೂಡಬೇಕಾದ ಜಾಗವನ್ನೂ ಮೊದಲೇ ಗೊತ್ತುಮಾಡಿರಬೇಕು.

ಚೀಲದಲ್ಲಿ ನೀರಿಗೆ ಮೊದಲ ಸ್ಥಾನ. ಎಲೆಯುದುರುವ ಕಾಡಿನ ಹಳ್ಳಗಳು ಈ ಕಾಲಕ್ಕೆ ಬಹುತೇಕ ಬತ್ತಿರುತ್ತವೆ. ಹಬ್ಬದ ದಿನಗಳಲ್ಲಿ ದೇವಸ್ಥಾನ ಮತ್ತು ಸೇವಾಸಂಸ್ಥೆಗಳು ನೀರಿನ ವ್ಯವಸ್ಥೆ ಮಾಡುತ್ತವೆಯಾದರೂ, ಜನ ಹೆಚ್ಚಾದಾಗ ಅದು ಸಾಲದೆ ಬರುವುದುಂಟು. ಪ್ರತಿಯೊಬ್ಬರೂ ಕನಿಷ್ಠ ಮೂರು ಲೀಟರ್ ಹೊತ್ತಿರಬೇಕು. ಆಹಾರಕ್ಕೆ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಸಾಕು. ಇವು ಕೆಡುವುದಿಲ್ಲ, ಒಲೆಯೂ ಬೇಕಿಲ್ಲ. ಹೊಸ ಚಪ್ಪಲಿ ಅಥವಾ ಬೂಟನ್ನು ಯಾತ್ರೆಗೆಂದೇ ಕೊಂಡು ತೊಡುವುದು ತಪ್ಪು. ತಿಂಗಳ ಮೊದಲೇ ತೊಟ್ಟು ಪಳಗಿಸಿರಬೇಕು.

ಅರಣ್ಯದ ನಿಯಮಗಳು

ಈ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಹುಲಿ, ಚಿರತೆ, ಕರಡಿಗಳ ನೆಲೆಯಾಗಿದೆ. ಚೆಂಚು ಬುಡಕಟ್ಟಿನವರು ಇಲ್ಲಿನ ಮೂಲನಿವಾಸಿಗಳು. ಅರಣ್ಯ ಇಲಾಖೆಯು ಶಿವರಾತ್ರಿ ಮತ್ತು ಯುಗಾದಿಯ ಸಂದರ್ಭದಲ್ಲಿ, ಆಯಾ ವರ್ಷ ಪ್ರಕಟಿಸಿದ ದಿನಗಳಲ್ಲಿ ಮಾತ್ರ ಪಾದಯಾತ್ರಿಕರನ್ನು ಬಿಡುತ್ತದೆ. ಆದುದರಿಂದ ಮೊದಲು ಈ ದಿನಾಂಕಗಳನ್ನು ತಿಳಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಊರಿನಿಂದ ಹೊರಡುವ ದಿನವನ್ನು ಗೊತ್ತುಮಾಡಬೇಕು. ಬೇಗ ಬಂದವರು ವೆಂಕಟಾಪುರದಲ್ಲಿ ಕಾಯಬೇಕಾದೀತು.

ಒಣಗಿದ ತರಗೆಲೆಗೆ ಒಂದು ಬೀಡಿಯ ಕಿಡಿ ಸಾಕು. ಆದುದರಿಂದ ಕಾಡಿನಲ್ಲಿ ಅಡುಗೆ, ಧೂಮಪಾನ ಸಲ್ಲದು. ಪ್ಲಾಸ್ಟಿಕ್ ಎಸೆಯುವುದರ ಬಗ್ಗೆ ಇಲಾಖೆ ಎಚ್ಚರಿಸುತ್ತಲೇ ಬಂದಿದೆ. ಆದರೂ ನೀರಿನ ಪಾಕೀಟು, ಬಾಟಲಿಗಳ ರಾಶಿ ದಾರಿಯ ಬದಿಯಲ್ಲಿ ಉಳಿಯುವುದು ಈ ಯಾತ್ರೆಯ ದೊಡ್ಡ ಲೋಪವಾಗಿದೆ. ಗುಂಪನ್ನು ಬಿಟ್ಟು ಒಳದಾರಿ ಹಿಡಿಯುವುದು, ಕತ್ತಲಲ್ಲಿ ಒಂಟಿಯಾಗಿ ನಡೆಯುವುದು ಅಪಾಯಕರ.

ಮರಳುವಿಕೆ

ಪಾದಯಾತ್ರಿಕರಲ್ಲಿ ಬಹುಪಾಲು ಜನರು ಊರಿಗೆ ಮರಳುವುದು ವಾಹನದಲ್ಲಿ. ಜಾತ್ರೆಯ ದಿನಗಳಲ್ಲಿ ಕರ್ನಾಟಕದ ಸಾರಿಗೆ ಸಂಸ್ಥೆಗಳು ಶ್ರೀಶೈಲದಿಂದ ವಿಶೇಷ ಬಸ್ಸುಗಳನ್ನು ಓಡಿಸುತ್ತವೆ. ಕಂಬಿ ಊರಿಗೆ ಮರಳಿದ ನಂತರ ಹಲವು ಗ್ರಾಮಗಳಲ್ಲಿ 'ಐದೇಶಿ' ಎಂಬ ಆಚರಣೆಯೂ ಪ್ರಸಾದವೂ ನಡೆಯುತ್ತವೆ.