ಸವೆದ ಮೆರುಗು, ಸವೆಸಿದ ಮೆರುಗು

ಕನ್ನಡದಲ್ಲಿ ‘ಸವೆ’ ಎಂಬ ಧಾತು ಅಕರ್ಮಕ, ‘ಸವೆಸು’ ಎಂಬುದು ಸಕರ್ಮಕ. ಮನೆಯ ಹೊಸ್ತಿಲು ಕಾಲಕ್ರಮದಲ್ಲಿ ತಾನೇ ಸವೆಯುತ್ತದೆ. ಬೇಕೆಂದು ಅದನ್ನು ಸವೆಸುವವರಿಲ್ಲ. ಆದರೆ ಪಾಶ್ಚಾತ್ಯ ವಾದ್ಯಶಿಲ್ಪಿಗಳಲ್ಲಿ ಹೊಸ ವಾದ್ಯದ ಹೊಳಪನ್ನು ಬೇಕೆಂದೇ ಸವೆಸಿ, ಹಳೆಯದರಂತೆ ಕಾಣಿಸುವ ಕಸಬೊಂದುಂಟು. ಥಳಥಳಿಸುವ ಗಿಟಾರಿಗಿಂತ ಬಣ್ಣ ಕಿತ್ತುಹೋದ ಹೊಸ ಗಿಟಾರಿಗೆ ಹೆಚ್ಚು ಹಣ ತೆರುವರೆಂದರೆ ನಮ್ಮ ಅಜ್ಜಂದಿರು ನಕ್ಕಾರು. ನಗುವ ಮೊದಲು ಇದರ ಪೂರ್ವೋತ್ತರವನ್ನು ಕೊಂಚ ವಿಚಾರಿಸೋಣ.

ಇದು ಗಿಟಾರಿನಿಂದ ಹುಟ್ಟಿದ ಚಾಳಿಯಲ್ಲ, ಪಿಟೀಲಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ವೀಯೋಮ್ ಎಂಬ ಶಿಲ್ಪಿ (1798–1875) ಇದ್ದನು. ಇಟಲಿಯ ಕ್ರೆಮೋನಾ ಪಟ್ಟಣದ ಸ್ಟ್ರಾಡಿವಾರಿ, ಗ್ವಾರ್ನೇರಿ ಮೊದಲಾದವರ ಪಿಟೀಲುಗಳಿಗೆ ಜನ ಹಾತೊರೆಯುತ್ತಿದ್ದ ಕಾಲವದು. ವೀಯೋಮ್ ಅವುಗಳ ಪಡಿಯಚ್ಚುಗಳನ್ನು ಮಾಡಿದನು. ಆಕಾರವಷ್ಟೇ ಅಲ್ಲ, ಗದ್ದ ಒರಗಿದಲ್ಲಿ, ಕೈ ತಗುಲಿದಲ್ಲಿ ಮೆರುಗೆಣ್ಣೆ ಕಳೆದುಹೋದ ಗುರುತುಗಳನ್ನೂ ಮೂಡಿಸಿದನು. ಪಗನಿನಿಯ 1743ರ ಗ್ವಾರ್ನೇರಿ ವಾದ್ಯ 1833ರಲ್ಲಿ ದುರಸ್ತಿಗೆಂದು ಅವನ ಕೈಗೆ ಬಂದಾಗ ಅದಕ್ಕೊಂದು ಪ್ರತಿ ಮಾಡಿ ಜೊತೆಗಿಟ್ಟನಂತೆ. ಯಾವುದು ತನ್ನದೆಂದು ಪಗನಿನಿಗೇ ನೋಟದಿಂದ ತಿಳಿಯಲಿಲ್ಲವೆಂದು ಹೇಳುತ್ತಾರೆ. ಆ ಪ್ರತಿ ಮುಂದೆ ಅವನ ಶಿಷ್ಯ ಸಿವೋರಿಗೆ ಸಂದಿತು. ವೀಯೋಮ್ ತನ್ನ ವಾದ್ಯಗಳ ಒಳಗೆ ಸಂಖ್ಯೆಯನ್ನೂ ರುಜುವನ್ನೂ ಹಾಕುತ್ತಿದ್ದನೆಂಬುದನ್ನು ಇಲ್ಲಿಯೇ ಹೇಳಬೇಕು. ಅನುಕರಣಕ್ಕೂ ವಂಚನೆಗೂ ನಡುವಿನ ಗೆರೆ ಆ ರುಜುವೇ.

ವಿಧಿಯ ವಿನೋದವನ್ನು ನೋಡಿ. ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸ್ಸಾಯ’ ಎಂಬ ಪಿಟೀಲು, ತಾರಿಸಿಯೊ ಎಂಬ ಸಂಗ್ರಾಹಕನು 1854ರಲ್ಲಿ ಸತ್ತ ಬಳಿಕ ಇದೇ ವೀಯೋಮನ ಪಾಲಾಯಿತು. ಈಗ ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಹೆಚ್ಚು ನುಡಿಸದ ವಾದ್ಯವಾದ್ದರಿಂದ ಅದರ ಮೆರುಗು ನಿನ್ನೆ ಹಚ್ಚಿದಂತಿದೆ. ಅಷ್ಟೇ ಸಾಕಾಯಿತು! ಇದು ಸ್ಟ್ರಾಡಿವಾರಿಯದಲ್ಲ, ವೀಯೋಮನ ಕೈಚಳಕವೇ ಇರಬೇಕೆಂಬ ಸಂದೇಹ 1990ರ ದಶಕದ ಕೊನೆಯಲ್ಲಿ ಬಲವಾಗಿ ಎದ್ದಿತು. ಮೇಲು ಹಲಗೆಯ ವಾರ್ಷಿಕ ವಲಯಗಳನ್ನು ಅಳೆದು, ಅವುಗಳಲ್ಲಿ ಕೊನೆಯದು 1680ರ ದಶಕದ್ದೆಂದು ತಜ್ಞರು ಕಂಡುಕೊಂಡರು. ಆ ಮರ ಸ್ಟ್ರಾಡಿವಾರಿಯ ಕಾಲಕ್ಕೆ ಹೊಂದುತ್ತದೆ. ಸವೆಯದಿದ್ದುದೇ ಅಪರಾಧವಾಗಿ ನಿಜವಾದ ಹಳೆಯ ವಾದ್ಯವೊಂದು ಸಾಕ್ಷಿ ಹೇಳಿಸಿಕೊಳ್ಳಬೇಕಾಯಿತು.

ಇನ್ನು ಗಿಟಾರಿಗೆ ಬರೋಣ. ಹಿಂದೆ ಗಿಟಾರಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕುವ ಪದ್ಧತಿಯಿತ್ತು. ಅರಗು ನಮಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆಯ ಮಿನುಗು ಅದರದೇ. 1920ರ ದಶಕದಲ್ಲಿ ಮೋಟಾರು ಕಾರುಗಳಿಗಾಗಿ ಬಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಗಿಟಾರಿಗೂ ಇಳಿಯಿತು. ಕ್ಯಾಲಿಫೋರ್ನಿಯದ ಫೆಂಡರ್ ಸಂಸ್ಥೆ 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ವಿದ್ಯುತ್ ಗಿಟಾರಿಗೆ ಇದೇ ಲೇಪ. ಅದು ತೆಳು, ವರ್ಷಗಳಲ್ಲಿ ಹಳದಿಗೆ ತಿರುಗಿ, ಚಳಿಗೆ ಕೂದಲೆಳೆಯಂತೆ ಸೀಳಿ, ಬೆವರಿಗೆ ಕರಗುತ್ತದೆ. 1960ರ ದಶಕದ ಕೊನೆಗೆ ಬಂದ ಪಾಲಿಯೆಸ್ಟರ್ ಲೇಪವೋ ದಪ್ಪ, ಗಡುಸು. ಗಾಜಿನಂತೆ ಹೊಳೆಯುತ್ತಲೇ ಇರುತ್ತದೆ.

ಐರ್ಲೆಂಡಿನ ರೋರಿ ಗ್ಯಾಲಗರ್ 1963ರಲ್ಲಿ ಕಾರ್ಕ್ ಪಟ್ಟಣದಲ್ಲಿ ಕೊಂಡ 1961ರ ಸ್ಟ್ರಾಟೊಕ್ಯಾಸ್ಟರ್ ಒಮ್ಮೆ ಕಳವಾಗಿ, ಮಳೆಯಲ್ಲಿ ನೆನೆದು ಮರಳಿತಂತೆ. ಮೂವತ್ತು ವರ್ಷ ಅವನ ಬೆವರು ಕುಡಿದು ಅದರ ಬಣ್ಣದ ಬಹುಭಾಗ ಹೋಗಿ ಬರಿಯ ಮರ ಉಳಿಯಿತು. ಅವನು ತೀರಿಕೊಂಡ 1995ರಲ್ಲಿಯೇ ಫೆಂಡರ್ ಸಂಸ್ಥೆ ‘ರೆಲಿಕ್’ ಎಂಬ ಹೆಸರಿನಿಂದ, ಕಾರ್ಖಾನೆಯಲ್ಲೇ ಸವೆಸಿದ ಗಿಟಾರುಗಳನ್ನು ಮಾರಾಟಕ್ಕೆ ತಂದಿತು. ಬಳಿಕ ಗ್ಯಾಲಗರನ ಗಿಟಾರಿನ ಪ್ರತಿಯನ್ನೂ, ಅವನು ಮೂರು ದಶಕ ಪಟ್ಟ ಪಾಡಿನ ಗುರುತುಗಳ ಸಮೇತ, ತಯಾರಿಸಿತು. ವೀಯೋಮನಂತೆ ಇವರೂ ಹೊಸದೆಂದು ಹೇಳಿಯೇ ಮಾರುತ್ತಾರೆ. ಆದಕಾರಣ ನನಗೆ ಇದರಲ್ಲಿ ದೋಷ ಕಾಣದು. ನಾಟಕದ ಅಜ್ಜನ ಪಾತ್ರಕ್ಕೆ ನರೆಗಡ್ಡ ಕಟ್ಟಿದಂತೆ. ಮಾರುವವನ ಕೈಯಲ್ಲಿ ಆ ಮಾತು ಬಿಟ್ಟುಹೋದಾಗ ಮಾತ್ರ ಕೊಳ್ಳುವವನ ಗಂಟು ಹೋಗುತ್ತದೆ.

ಹೊಳಪು ಕಳೆಯುವ ಕ್ರಮ ಕಷ್ಟದ್ದಲ್ಲ. ನುಣುಪಾದ ಮೈ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಅದರ ಮೇಲೆ ಸಣ್ಣ ಗೀರುಗಳೆದ್ದರೆ ಬೆಳಕು ಚದುರಿ ಮೈ ಮಸುಕಾಗುತ್ತದೆ. ನಾಲ್ಕು ಸೊನ್ನೆಯ ಗುರುತಿನ ಅತಿ ನಯವಾದ ಸ್ಟೀಲ್ ವುಲ್ಲಿನಿಂದ ಮರದ ಎಳೆಯ ದಿಕ್ಕಿನಲ್ಲಿ ಹಗುರಾಗಿ ತಿಕ್ಕಿದರೆ ಆಯಿತು. ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಅಂಟಿಕೊಳ್ಳುವುದರಿಂದ ವಿದ್ಯುತ್ ಗಿಟಾರಿನ ಪಿಕಪ್ಪುಗಳನ್ನು ಮೊದಲು ಮುಚ್ಚಬೇಕು. ಅಂಚುಗಳಲ್ಲಿ ಸ್ಯಾಂಡ್ ಪೇಪರಿನಿಂದ ಮರದವರೆಗೆ ಸವೆಸುವವರೂ, ಲ್ಯಾಕರ್ ಸೀಳಲೆಂದು ವಾದ್ಯವನ್ನು ಕೊರೆಯುವ ಚಳಿಗೆ ಒಡ್ಡುವವರೂ ಉಂಟು.

ಆದರೆ ಎಲ್ಲೆಡೆ ಒಂದೇ ಸಮನಾಗಿ ಮಂಕಾದ ಗಿಟಾರನ್ನು ಕಂಡರೆ ಬಲ್ಲವರು ತಲೆಯಲ್ಲಾಡಿಸುತ್ತಾರೆ. ಕಾಲ ಹಾಗೆ ಸವೆಸುವುದಿಲ್ಲ. ದೇವಸ್ಥಾನದ ಬಾಗಿಲಿನ ಹಿತ್ತಾಳೆಯ ಗುಬ್ಬಿಯನ್ನು ನೋಡಿ: ಸಂದಿಯಲ್ಲಿ ಕಪ್ಪು ಕಟ್ಟಿರುತ್ತದೆ, ಕೈ ಮುಟ್ಟುವ ನೆತ್ತಿ ಹೊಳೆಯುತ್ತದೆ. ಗಿಟಾರಿನಲ್ಲೂ ಹೀಗೆಯೇ. ತಿಕ್ಕಿ ಮಂಕು ಮಾಡಿದ ಪಾಲಿಯೆಸ್ಟರ್ ಗಿಟಾರನ್ನು ಕೆಲವು ತಿಂಗಳು ನಿತ್ಯ ನುಡಿಸಿದರೆ, ಮುಂದೋಳು ಒರಗುವ ಅಂಚಿನಲ್ಲಿಯೂ ಅಂಗೈ ಜಾರುವ ಕತ್ತಿನ ಹಿಂಬದಿಯಲ್ಲಿಯೂ ಕಳೆದ ಹೊಳಪು ಮೆಲ್ಲನೆ ಮರಳಿ ಬರುತ್ತದೆ.