ಕೋಶದ ಬಾಗಿಲಲ್ಲಿ ಇಟ್ಟ ಮಾದರಿ

ಕಲಬುರಗಿಯ ಅಡತಿ ಅಂಗಡಿಯಲ್ಲಿ ತೊಗರಿ ಚೀಲವನ್ನು ಪೂರ್ತಿ ಸುರಿದು ನೋಡುವವರಿಲ್ಲ. ಒಂದು ಹಿಡಿ ಮಾದರಿ ಸಾಕು. ನಮ್ಮ ದೇಹದ ಕೋಶಗಳೂ ಒಳಗಿನ ಪ್ರೋಟೀನುಗಳ ತುಣುಕುಗಳನ್ನು, ಅಂದರೆ ಪೆಪ್ಟೈಡುಗಳನ್ನು, ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತವೆ. ಪರೀಕ್ಷಕರು ಟಿ ಕೋಶಗಳು. ಮಾದರಿಯಲ್ಲಿ ದೋಷ ಕಂಡರೆ ಅವು ಆ ಕೋಶವನ್ನೇ ಕೊಲ್ಲಬಲ್ಲವು. ಕ್ಯಾನ್ಸರ್ ಕೋಶ ತೋರಿಸುವುದೇನೆಂದು ತಿಳಿದರೆ ಲಸಿಕೆಗೆ ಗುರಿ ಸಿಕ್ಕಂತೆ.

ತಿಳಿಯುವುದು ಹೇಗೆ? ಕೋಶಗಳನ್ನು ಒಡೆದು, ಪ್ರತಿಕಾಯಗಳಿಂದ ಎಚ್‌ಎಲ್‌ಎ ಅಣುಗಳನ್ನು ಹಿಡಿದು, ಆಮ್ಲದಲ್ಲಿ ತೊಳೆದರೆ ಪೆಪ್ಟೈಡುಗಳು ಕಳಚಿಕೊಳ್ಳುತ್ತವೆ. 1991ರಲ್ಲಿ ಜರ್ಮನಿಯ ರಾಮೆನ್ಸೀ ತಂಡ ಈ ಮಿಶ್ರಣವನ್ನು ಒಟ್ಟಾಗಿಯೇ ಓದಿ, ಒಂದೊಂದು ಬಗೆಯ ಅಣುವಿಗೂ ತನ್ನದೇ ಆಯ್ಕೆಯ ನಿಯಮವಿದೆ ಎಂದು ತೋರಿಸಿತು. ಮರುವರ್ಷ ಅಮೆರಿಕದ ಡೊನಾಲ್ಡ್ ಹಂಟ್ ತಂಡ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಪೆಪ್ಟೈಡುಗಳನ್ನು ಬಿಡಿಬಿಡಿಯಾಗಿ ನೋಡಿತು. ಅಳೆದದ್ದು 200; ಪೂರ್ತಿ ಓದಿದ್ದು 8 ಮಾತ್ರ! ಇಂದು ಒಂದೇ ಗೆಡ್ಡೆಯಿಂದ ಸಾವಿರಾರು ಪೆಪ್ಟೈಡುಗಳನ್ನು ಓದಬಹುದು.

ಬೆಂಗಳೂರಿಗೂ ಈ ಯಂತ್ರ ಹೊಸತಲ್ಲ. 2002ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದೊಡನೆ 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿತು. 17,294 ಜೀನುಗಳ ಪ್ರೋಟೀನುಗಳು ಅದರಲ್ಲಿವೆ. ಅದು ಆರೋಗ್ಯವಂತ ಅಂಗಾಂಶಗಳ ನಕ್ಷೆ, ಕ್ಯಾನ್ಸರಿನದಲ್ಲ. ಆದರೆ ಹಸನಾದ ತೊಗರಿ ಕಾಣದವನಿಗೆ ಹುಳುಕು ತಿಳಿಯುವುದುಂಟೆ?

ತೊಡಕು ಬೇರೆಡೆ ಇದೆ. ಎಚ್‌ಎಲ್‌ಎ ಬಗೆಗಳು ಸಾವಿರಾರು. ಅವು ಒಂದು ಜನಸಮುದಾಯದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಈವರೆಗಿನ ಮಾಹಿತಿಯಲ್ಲಿ ಯುರೋಪ್ ಮೂಲದವರದೇ ಸಿಂಹಪಾಲು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ರೋಗಿಯೊಬ್ಬರ ಗೆಡ್ಡೆ ಏನು ತೋರಿಸುತ್ತದೆಂದು ಆ ಪಟ್ಟಿಯಿಂದ ಊಹಿಸುವುದು ಕಷ್ಟ. ಇಲ್ಲಿಯವರ ಅಂಗಾಂಶವನ್ನೇ ಪರೀಕ್ಷಿಸಬೇಕು; ಅದಕ್ಕೆ ಸೂಜಿಯಿಂದ ತೆಗೆದ ಚೂರು ಬಹುತೇಕ ಸಾಲದು.